ನಾಡಿಗೆ ಒಪ್ಪುವ ನಾಯಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಬೇಸಗೆಯ ತಾಪವು 40 ಡಿಗ್ರಿ ಸೆಲ್ಸಿಯಸನ್ನು ಮೀರುವುದುಂಟು. ಇಂತಹ ಸೀಮೆಗೆ ಹಿಮಪ್ರದೇಶದ ದಟ್ಟ ತುಪ್ಪುಳಿನ ನಾಯಿಯನ್ನು ಬೆಲೆ ತೆತ್ತು ತರಿಸಿ, ಅದನ್ನು ಅಂತಸ್ತಿನ ಗುರುತೆಂದು ಭಾವಿಸುವುದು ವಿವೇಕವಲ್ಲ.

ನಾಯಿಯು ನಮ್ಮಂತೆ ಮೈಯೆಲ್ಲ ಬೆವರಿ ತಂಪಾಗುವ ಪ್ರಾಣಿಯಲ್ಲ. ನಾಲಗೆ ಚಾಚಿ ಏದುಸಿರು ಬಿಡುವಾಗ ಬಾಯಿ, ಮೂಗುಗಳ ತೇವವು ಆವಿಯಾಗುವುದಷ್ಟೆ. ಆಗ ದೇಹದ ಉಷ್ಣವು ಆವಿಯೊಡನೆ ಹೊರಹೋಗುತ್ತದೆ. ಮೋಟು ಮೂತಿಯ ಪಗ್ ನಾಯಿಗೆ ಈ ಸೌಕರ್ಯವೂ ಸಾಲದು.

ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಯಾದರೋ ಉದ್ದ ಮೂತಿಯ, ಗಿಡ್ಡ ಕೂದಲಿನ ತಳಿ. 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೂ ಅದರ ಚಿತ್ರ ಮೂಡಿತು. ಆದರೆ ಬೇಟೆಯ ಓಟಕ್ಕೆಂದು ಬೆಳೆಸಿದ ಅದನ್ನು ಸರಪಳಿಯಿಂದ ಕಟ್ಟಿಹಾಕುವುದು ಹಿಂಸೆಯೇ ಸರಿ. ಓಡಾಟಕ್ಕೆ ಬಯಲಿಲ್ಲದ ಮನೆಗೆ ಓಣಿಯಲ್ಲಿ ಹುಟ್ಟಿದ ಅನಾಥ ಮರಿಯೇ ಮೇಲೆಂದು ನನ್ನ ಅಭಿಪ್ರಾಯ.

ಆದರೆ ಕರುಣೆಯೊಂದೇ ಸಾಲದು. ರೇಬೀಸ್ ರೋಗದ ಲಕ್ಷಣಗಳು ಒಮ್ಮೆ ತೋರಿದರೆ ಸಾವು ಬಹುತೇಕ ನಿಶ್ಚಿತ. ಆದುದರಿಂದ ಮೂರು ತಿಂಗಳು ತುಂಬಿದ ಮರಿಗೆ ಲಸಿಕೆ ಹಾಕಿಸಿ, ಮುಂದೆಯೂ ಪಶುವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಹಾಕಿಸಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಬೇಕು. ಇಲ್ಲವಾದರೆ ಇಂದಿನ ಒಂದು ಮರಿಯಿಂದ ನಾಳೆ ಹಲವು ಅನಾಥ ಮರಿಗಳು ಬೀದಿಪಾಲಾಗುವುವು. ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ನಾಯಿಯ ಆಯುಷ್ಯ ಹತ್ತು ಹನ್ನೆರಡು ವರ್ಷ. ವಿದ್ಯಾರ್ಥಿಗಳೇ, ಓದಿಗಾಗಿ ನೀವು ಧಾರವಾಡಕ್ಕೋ ಬೆಂಗಳೂರಿಗೋ ಹೊರಟಾಗ ಅದಕ್ಕೆ ರೊಟ್ಟಿ, ನೀರು ಇಡುವವರಾರು? ಈ ಪ್ರಶ್ನೆಗೆ ಮನೆಯವರೆಲ್ಲರೂ ಕೂಡಿ ಉತ್ತರ ಕಂಡುಕೊಂಡ ಮೇಲೆಯೇ ಮರಿಯನ್ನು ಮನೆಗೆ ತನ್ನಿರಿ.