ಸ್ಟೆಂಟ್ ಹಾಕಿಸಿಕೊಂಡವರು ಮಾತ್ರೆ ನಿಲ್ಲಿಸಬೇಡಿ

ಕಳೆದ ರಮಝಾನ್‌ಗೆ ಮುಂಚೆ ಶಿಡ್ಲಘಟ್ಟದ ರೇಷ್ಮೆ ರೀಲರ್ ಒಬ್ಬರು ಚಿಂತಾಮಣಿಯ ನನ್ನ ದವಾಖಾನೆಗೆ ಬಂದರು. ಬೆಂಗಳೂರಿನಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ನಾಲ್ಕು ತಿಂಗಳಾಗಿತ್ತು. "ಹಕೀಮ್ ಸಾಬ್, ಈಗ ಎದೆನೋವಿಲ್ಲ. ಹಿಜಾಮಾ ಮಾಡಿಸ್ಕೋಬೇಕು. ರಕ್ತ ತೆಳು ಮಾಡೋ ಮಾತ್ರೆ ನಿಲ್ಲಿಸಿಬಿಡ್ಲಾ?" ಎಂದರು. ನಾನು ಹಿಜಾಮಾ ಮಾಡಲಿಲ್ಲ. ಮಾತ್ರೆ ಒಂದು ದಿನವೂ ತಪ್ಪಿಸಬೇಡಿ ಎಂದೆ. ಯುನಾನಿ ವೈದ್ಯನೇ ಹೀಗೆ ಹೇಳಿದ್ದು ಅವರಿಗೆ ಆಶ್ಚರ್ಯ. ಅದರ ಕಾರಣ ಪ್ರತಿ ಮನೆಯಲ್ಲೂ ತಿಳಿದಿರಬೇಕು.

ಸ್ಟೆಂಟ್ ಎಂದರೆ ಕಟ್ಟಿಕೊಂಡ ರಕ್ತನಾಳವನ್ನು ತೆರೆದಿಡುವ ಸಣ್ಣ ಲೋಹದ ಬಲೆ. ಬರಿ ಲೋಹದ ಸ್ಟೆಂಟ್ ಹಾಕುತ್ತಿದ್ದಾಗ ನೂರಕ್ಕೆ 20ರಿಂದ 30 ಮಂದಿಗೆ ಕೆಲವೇ ತಿಂಗಳಲ್ಲಿ ನಾಳದ ಗೋಡೆ ದಪ್ಪಗಾಗಿ ಮತ್ತೆ ಕಿರಿದಾಗುತ್ತಿತ್ತು. ಅದನ್ನು ತಡೆಯಲು ಲೋಹದ ಮೇಲೆ ಪಾಲಿಮರ್‌ನ ತೆಳು ಲೇಪ ಕೊಟ್ಟು, ಅದರಲ್ಲಿ ಸಿರೋಲಿಮಸ್‌ನಂಥ ಔಷಧ ಸೇರಿಸಿದರು. ರೇಷ್ಮೆಗೂಡಿನ ಅಂಟು ಎಳೆಯನ್ನು ಹಿಡಿದಿಟ್ಟು, ಬಿಸಿನೀರಿನಲ್ಲಿ ಸಡಿಲವಾಗಿ ಬಿಟ್ಟುಕೊಡುತ್ತದಲ್ಲ, ಹಾಗೆಯೇ ಈ ಲೇಪ ಔಷಧವನ್ನು ಹಿಡಿದಿಟ್ಟು ವಾರಗಟ್ಟಲೆ ಸ್ವಲ್ಪಸ್ವಲ್ಪ ಬಿಡುತ್ತದೆ. ಮತ್ತೆ ಕಿರಿದಾಗುವುದು ನೂರಕ್ಕೆ 10ಕ್ಕಿಂತ ಕೆಳಗಿಳಿಯಿತು.

ಆದರೆ ಇದೇ ಔಷಧ ಲೋಹದ ಮೇಲೆ ನಾಳದ ಒಳಪೊರೆ ಬೆಳೆಯುವುದನ್ನೂ ನಿಧಾನಿಸುತ್ತದೆ. ಪೊರೆ ಮುಚ್ಚುವವರೆಗೆ ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಹಠಾತ್ ಹೃದಯಾಘಾತ; ಪ್ರಾಣವೇ ಹೋಗಬಹುದು. ಮೊದಲ ತಲೆಮಾರಿನ ಲೇಪಗಳು ಕೆಲವರಲ್ಲಿ ಉರಿಯೂತ ತಂದವು. ಈಗಿನವು ದೇಹಕ್ಕೆ ಹೆಚ್ಚು ಒಗ್ಗುತ್ತವೆ, ಅವುಗಳಲ್ಲಿ ಕೆಲವು ಲೇಪಗಳು ತಿಂಗಳುಗಳಲ್ಲಿ ಕರಗಿಯೇ ಹೋಗುತ್ತವೆ. ಹಾಗಿದ್ದರೂ ಆಸ್ಪಿರಿನ್ ಜೊತೆಗೆ ಕ್ಲೊಪಿಡೋಗ್ರೆಲ್ ಅಥವಾ ಟಿಕಾಗ್ರೆಲರ್ ಬೇಕೇ ಬೇಕು. ಹೃದಯಾಘಾತವಾದವರಿಗೆ ಎರಡೂ ಮಾತ್ರೆ ಸಾಮಾನ್ಯವಾಗಿ 12 ತಿಂಗಳು. ಯಾವಾಗ ನಿಲ್ಲಿಸಬೇಕೆಂದು ಹೇಳಬೇಕಾದವರು ಹೃದಯ ವೈದ್ಯರೇ.

"ದೇಹದೊಳಗೆ ಪ್ಲಾಸ್ಟಿಕ್ ಯಾಕೆ?" ಎಂದು ಕೆಲವರು ಅಂಜುತ್ತಾರೆ. ಸಾವಿರ ವರ್ಷಗಳ ಹಿಂದೆ ಅಲ್-ಝಹ್ರಾವಿ ಪ್ರಾಣಿಯ ಕರುಳಿನ ದಾರದಿಂದ ಒಳಹೊಲಿಗೆ ಹಾಕಿದರು. ದೇಹ ಒಪ್ಪುವ ವಸ್ತುವನ್ನು ಹುಡುಕುವುದು ನಮ್ಮ ವೈದ್ಯಪರಂಪರೆಯ ಕೆಲಸವೂ ಹೌದು.

ರೋಝಾ ಹಿಡಿಯುವ ಮುನ್ನ ವೈದ್ಯರನ್ನು ಕೇಳಿ. ಅವರು ಒಪ್ಪಿದರೆ ಮಾತ್ರೆಗಳನ್ನು ಸಹರಿ ಮತ್ತು ಇಫ್ತಾರ್‌ಗೆ ಹೊಂದಿಸಿಕೊಳ್ಳಬಹುದು. ಒಪ್ಪದಿದ್ದರೆ ರೋಗಿಗೆ ಶರೀಅತ್ ಕೊಟ್ಟ ರಿಯಾಯಿತಿ ಇದೆ. ಹಲ್ಲು ಕೀಳಿಸಲು, ಹಿಜಾಮಾಕ್ಕೆ ನೀವಾಗಿಯೇ ಮಾತ್ರೆ ಬಿಡಬೇಡಿ. ಈ ಮಾತ್ರೆಗಳ ಬದಲು ಬೆಳ್ಳುಳ್ಳಿಯನ್ನೋ ಮಾಜೂನನ್ನೋ ನಂಬಬೇಡಿ. ಜೊತೆಗೆ ಹೆಚ್ಚು ತಿಂದರೂ ರಕ್ತಸ್ರಾವದ ಅಪಾಯವಿದೆ. ಮಲ ಕಪ್ಪಾದರೆ, ರಕ್ತ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಲಕ್ಷ ರೂಪಾಯಿ ದಾಟುತ್ತಿದ್ದ ಔಷಧ ಲೇಪಿತ ಸ್ಟೆಂಟ್‌ಗೆ 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 29,600 ರೂಪಾಯಿಯ ಮಿತಿ ಹಾಕಿತು. ಬೆಲೆ ಇಳಿಯಿತು, ತಿಳಿವಳಿಕೆ ನಮ್ಮ ಮನೆಗಳಿಗೆ ಇಳಿಯಲಿಲ್ಲ. ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಗೌರಿಬಿದನೂರಿನ ಅಮ್ಮಿಜಾನ್‌ಗಾಗಲಿ ಚಿಕ್ಕಬಳ್ಳಾಪುರದ ಆಟೋ ಓಡಿಸುವ ಭಾಯಿಗಾಗಲಿ ಅದು ಏನು ಹೇಳೀತು? ಮಾತ್ರೆಯ ಹೆಸರು, ನಿಲ್ಲಿಸುವ ತಾರೀಖು ಕನ್ನಡ ಅಥವಾ ಉರ್ದುವಿನಲ್ಲಿ ಬರೆದುಕೊಡಿ ಎಂದು ಬಿಡುಗಡೆಯ ದಿನವೇ ಕೇಳಿ. ನನ್ನ ಹಕೀಮ್ ಬಂಧುಗಳೂ ನಾಡಿ ಹಿಡಿಯುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: "ಸ್ಟೆಂಟ್ ಹಾಕಿದ್ದಾರಾ?"