ದೇವರಿಗೆ ವಕೀಲರು ಬೇಕಿಲ್ಲ

ಹೋದ ವರ್ಷ ನನ್ನ ತಮ್ಮ ರಸ್ತೆಯ ಅಪಘಾತದಲ್ಲಿ ತೀರಿಕೊಂಡ. ಬೆಳಿಗ್ಗೆ ತಿಂಡಿ ತಿಂದು ಹೊರಟವನು; ಮಧ್ಯಾಹ್ನದ ಹೊತ್ತಿಗೆ ಇಲ್ಲ. ಮಣ್ಣು ಮಾಡಿ ಬಂದ ಸಂಜೆಯಿಂದಲೇ ಸಮಾಧಾನ ಹೇಳುವವರ ದಂಡು ಮನೆಗೆ ಬರತೊಡಗಿತು. ದೇವರು ತನಗೆ ಪ್ರಿಯನಾದವನನ್ನು ಬೇಗ ಕರೆದುಕೊಂಡ ಎಂದರು ಒಬ್ಬರು. ನಿಮ್ಮ ವಿಶ್ವಾಸವನ್ನು ಪರೀಕ್ಷಿಸುತ್ತಿದ್ದಾನೆ ಎಂದರು ಇನ್ನೊಬ್ಬರು. ಸಭೆಯ ಹಿರಿಯರೊಬ್ಬರಂತೂ, ಮನೆಯಲ್ಲಿ ಪ್ರಾರ್ಥನೆ ತಪ್ಪಿಹೋಗಿತ್ತೇನು ಎಂದು ನನ್ನ ತಾಯಿಯನ್ನೇ ಕೇಳಿಬಿಟ್ಟರು. ನೆರೆಮನೆಯವರು ಪೂರ್ವಜನ್ಮದ ಕರ್ಮ ಎಂದರೆ ಮುಸಿಮುಸಿ ನಗುವ ಜನ ಇವರು! ಹೆಸರು ಬೇರೆ, ಲೆಕ್ಕ ಅದೇ.

ನಾನು ಕ್ರೈಸ್ತ, ಇಂದಿಗೂ ಕ್ರೈಸ್ತನೇ. ಆದ್ದರಿಂದಲೇ ಈ ಮಾತುಗಳನ್ನು ಸುಮ್ಮನೆ ಬಿಡಲಾರೆ. ಇವು ಕೇವಲ ಒರಟು ಮಾತುಗಳಲ್ಲ, ಬೈಬಲಿಗೇ ವಿರುದ್ಧವಾದ ಮಾತುಗಳು.

ಯೋಬನದು ತಾಳ್ಮೆಯ ಕಥೆಯೆಂದು ನಮ್ಮವರು ನಂಬಿದ್ದಾರೆ. ಎರಡು ಅಧ್ಯಾಯ ಓದಿ ಪುಸ್ತಕ ಮುಚ್ಚುವವರಿಗೆ ಹಾಗೆ ಕಂಡೀತು. ಒಂದೇ ದಿನ ಹತ್ತು ಮಕ್ಕಳನ್ನು ಕಳೆದುಕೊಂಡವನು ಮೂರನೆಯ ಅಧ್ಯಾಯದಲ್ಲಿ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಮುಂದೆ ದೇವರನ್ನೇ ನ್ಯಾಯಕ್ಕೆ ಕರೆಯುತ್ತಾನೆ. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಸ್ನೇಹಿತರು ಏಳು ಹಗಲು, ಏಳು ರಾತ್ರಿ ಅವನ ಪಕ್ಕದಲ್ಲಿ ನೆಲದ ಮೇಲೆ ಮಾತಿಲ್ಲದೆ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದರು, ಕೆಟ್ಟರು. ದೇವರು ನ್ಯಾಯವಂತ, ಆದ್ದರಿಂದ ನೀನು ಪಾಪಿ: ಇದು ಅವರ ತರ್ಕ. ದೇವರು ಯೋಬನನ್ನೂ ಗದರಿಸಿದನು, ನಿಜ. ಆದರೆ ಅವನ ಕೋಪ ಉರಿದದ್ದು ತನ್ನ ಪರವಾಗಿ ವಕಾಲತ್ತು ಮಾಡಿದ ಈ ಮೂವರ ಮೇಲೆ. ಏಳು ಹೋರಿ, ಏಳು ಟಗರು ಅರ್ಪಿಸಿ, ಯೋಬನಿಂದ ಪ್ರಾರ್ಥನೆ ಮಾಡಿಸಿಕೊಳ್ಳಿ ಎಂದು ೪೨ನೆಯ ಅಧ್ಯಾಯದಲ್ಲಿ ತೀರ್ಪಾಯಿತು. ಅದೂ ಪರೀಕ್ಷೆಯೇ ತಾನೆ ಎನ್ನುವಿರಾ? ಓದುವ ನಮಗೆ ಅದು ಗೊತ್ತು. ಯೋಬನಿಗೆ ಕೊನೆಯವರೆಗೂ ಯಾರೂ ಹೇಳಲಿಲ್ಲ. ಬಿರುಗಾಳಿಯೊಳಗಿಂದ ಮಾತಾಡಿದ ದೇವರೇ ಹೇಳದ ಕಾರಣವನ್ನು ನಮ್ಮ ಹಿರಿಯರು ಕಾಫಿ ಕುಡಿಯುತ್ತ ಹೇಳಬಲ್ಲರು!

ಸಿಲೋವದಲ್ಲಿ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿ ಇತರರಿಗಿಂತ ಹೆಚ್ಚಿನ ಪಾಪಿಗಳಲ್ಲವೆಂದು ಯೇಸುಸ್ವಾಮಿಯೇ ತಿಳಿಸಿದರು. ಲಾಜರನನ್ನು ಎಬ್ಬಿಸುವೆನೆಂದು ತಿಳಿದಿದ್ದೂ ಅವನಿಗಾಗಿ ಅತ್ತರು.

ಆಂಗ್ಲ ಲೇಖಕ ಸಿ. ಎಸ್. ಲೂಯಿಸ್ ೧೯೪೦ರಲ್ಲಿ ನೋವಿನ ಸಮಸ್ಯೆಯನ್ನು ಕುರಿತು ಅಚ್ಚುಕಟ್ಟಾಗಿ ವಾದಿಸಿದ ಪುಸ್ತಕವೊಂದನ್ನು ಪ್ರಕಟಿಸಿದ. ೧೯೬೦ರಲ್ಲಿ ಹೆಂಡತಿ ಜಾಯ್ ಕ್ಯಾನ್ಸರಿನಿಂದ ತೀರಿಕೊಂಡಾಗ ಆ ವಾದಗಳು ಅವನನ್ನು ಎತ್ತಿ ನಿಲ್ಲಿಸಲಿಲ್ಲ. ದುಃಖವನ್ನೂ ದೇವರ ಮೇಲಿನ ಸಿಟ್ಟನ್ನೂ ನೋಟುಪುಸ್ತಕಗಳಲ್ಲಿ ಬರೆದಿಟ್ಟು, ೧೯೬೧ರಲ್ಲಿ ಬೇರೊಂದು ಹೆಸರಿನಿಂದ ಅಚ್ಚು ಹಾಕಿಸಿದ. (ಹೆಸರು ಮರೆಸಿದ್ದು ಏಕೋ ನನಗೆ ಹಿಡಿಸದು.) ೧೯೬೩ರಲ್ಲಿ ಸಾಯುವವರೆಗೂ ಅವನು ಕ್ರೈಸ್ತನಾಗಿಯೇ ಇದ್ದ. ಆ ಸಿಟ್ಟು ಅವನನ್ನು ದೇವರಿಂದ ದೂರ ಒಯ್ಯಲಿಲ್ಲ.

ನನ್ನ ತಾಯಿಯನ್ನು ದೇವಾಲಯದಿಂದ ದೂರ ಮಾಡಿದ್ದು ಸಿಟ್ಟಲ್ಲ, ಸಮಾಧಾನ. ಆ ಹಿರಿಯರ ಪ್ರಶ್ನೆ ಕೇಳಿದ ಮೇಲೆ ಆಕೆ ಆ ಮೆಟ್ಟಿಲು ಹತ್ತಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಆಕೆ ದೇವರೊಡನೆ ಜಗಳವಾಡುವುದು ಗೋಡೆಯಾಚೆಯಿಂದ ನನಗೆ ಕೇಳಿಸುತ್ತದೆ. ಒಂದು ರಾತ್ರಿಯೂ ತಪ್ಪಿಸಿಲ್ಲ. ಪಾಪ, ಆಕೆಯ ವಿಶ್ವಾಸ ಕಡಿಮೆಯಾಯಿತೆಂದು ಸಭೆಯಲ್ಲಿ ಆಡಿಕೊಳ್ಳುತ್ತಾರಂತೆ.