ಬಟವಾಡೆಯ ಹಣ ಯಾವುದಾಗಿರಬೇಕು?



ಪರ್ವರಿಯಲ್ಲಿ ಭಾನುವಾರದ ಕನ್ನಡ ಪ್ರಾರ್ಥನೆ ಮುಗಿದ ಮೇಲೆ ಅರ್ಧ ಗಂಟೆ ಕುಳಿತು ಕೆಲಸದ ವಿಚಾರ ಮಾತನಾಡುವ ವಾಡಿಕೆಯನ್ನು ನಾವು ಇಟ್ಟುಕೊಂಡಿದ್ದೇವೆ. ವಿಧಾನಸಭೆಯ ಗುಡ್ಡದ ಸುತ್ತಮುತ್ತ ಏಳುತ್ತಿರುವ ಕಟ್ಟಡಗಳಲ್ಲಿ ಗಾರೆ ಕೆಲಸ, ಕಂಬಿ ಕೆಲಸ ಮಾಡುವವರು, ಹೋಟೆಲುಗಳಲ್ಲಿ ಪಾತ್ರೆ ತೊಳೆಯುವವರು ಬರುತ್ತಾರೆ. ಹೆಚ್ಚಿನವರು ಹಾವೇರಿ, ಗದಗ, ಬಾಗಲಕೋಟೆ ಕಡೆಯವರು. ನಾಲ್ಕಾರು ಮಂದಿ ಮಾತ್ರ ಮೂಡಿಗೆರೆ, ಸಕಲೇಶಪುರದ ಲೈನ್ ಮನೆಗಳಲ್ಲಿ ಹುಟ್ಟಿ ಬೆಳೆದ ನಿಮ್ಮ ಮಕ್ಕಳೇ. ಅವರಲ್ಲೊಬ್ಬ ಹೋದ ತಿಂಗಳು ಕೇಳಿದ ಪ್ರಶ್ನೆಯಿಂದ ಈ ಬರಹ ಹುಟ್ಟಿತು. ಅವನ ಉಪಗುತ್ತಿಗೆದಾರನು, ಇನ್ನು ಮುಂದೆ ಕೂಲಿಯಲ್ಲಿ ಮೂರನೇ ಒಂದು ಪಾಲನ್ನು ಫೋನಿನಲ್ಲಿ ‘ಕಾಯಿನ್’ ರೂಪದಲ್ಲಿ ಕೊಡುತ್ತೇನೆ, ಆರು ತಿಂಗಳಲ್ಲಿ ಅದು ಎರಡರಷ್ಟಾಗುತ್ತದೆ ಎಂದಿದ್ದಾನಂತೆ.

“ಉಪದೇಶಿಗಳೇ, ಅದನ್ನ ಅಮ್ಮನಿಗೆ ಕಳಿಸಬಹುದಾ? ಅಂಗಡಿಯಲ್ಲಿ ತಗೋತಾರಾ?” ಎಂದು ಹುಡುಗ ಕೇಳಿದ.

ಒಂದಿಬ್ಬರು ನಕ್ಕರು. ನಮಗೆ ನಗು ಬರಲಿಲ್ಲ. ಅಂಗಡಿಯವನು ತೆಗೆದುಕೊಳ್ಳುತ್ತಾನೆಯೇ ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಹಣದ ವಿಷಯದಲ್ಲಿ ಇಲ್ಲ.

ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ಫೋನಿನಲ್ಲಿ ಕಾಣುವುದೆಲ್ಲ ಒಂದೇ ಅಲ್ಲ. 2016ರಲ್ಲಿ ಬಂದ ಯುಪಿಐ ಮೂಲಕ ನಾವು ಚಹಾದಂಗಡಿಗೆ ಕಳಿಸುವುದು ರೂಪಾಯಿಯನ್ನೇ. ನಮ್ಮ ಬ್ಯಾಂಕ್ ಖಾತೆಯಿಂದ ಅವರ ಖಾತೆಗೆ ಹೋಗುತ್ತದೆ. 2022ರ ಡಿಸೆಂಬರ್ 1ರಂದು ಬೆಂಗಳೂರು ಸೇರಿ ನಾಲ್ಕು ನಗರಗಳಲ್ಲಿ ರಿಸರ್ವ್ ಬ್ಯಾಂಕು ಪ್ರಯೋಗಕ್ಕೆ ಬಿಟ್ಟ ಡಿಜಿಟಲ್ ರೂಪಾಯಿ ಕೂಡ ರೂಪಾಯಿಯೇ. ಬಿಟ್‌ಕಾಯಿನ್ ಬೇರೆ. 2009ರಲ್ಲಿ ಸತೋಶಿ ನಾಕಾಮೊಟೊ ಎಂಬ ಹೆಸರಿಟ್ಟುಕೊಂಡ ಯಾರೋ ಒಬ್ಬರು ಅದನ್ನು ಆರಂಭಿಸಿದರು. ಅವರು ಯಾರೆಂದು ಇಂದಿಗೂ ಖಚಿತವಾಗಿಲ್ಲ. ಅದಕ್ಕೆ ಸರಕಾರವಿಲ್ಲ, ಬ್ಯಾಂಕಿಲ್ಲ. ಯಾರು ಯಾರಿಗೆ ಎಷ್ಟು ಕೊಟ್ಟರೆಂಬ ಲೆಕ್ಕದ ಪುಸ್ತಕವನ್ನು ಲೋಕದಾದ್ಯಂತ ಸಾವಿರಾರು ಗಣಕಯಂತ್ರಗಳು ಬರೆದಿಡುತ್ತವೆ. ಯಾವ ದಣಿಯೂ ಒಬ್ಬನೇ ಆ ಪುಸ್ತಕವನ್ನು ತಿದ್ದಲಾರ. ಇದು ಜಾಣ ಕೆಲಸವೇ ಸರಿ, ಅದನ್ನು ಅಲ್ಲಗಳೆಯುವವರು ನಾವಲ್ಲ. ಚೆಕ್‌ರೋಲಿನಲ್ಲಿ ಹಾಜರಿ ತಿದ್ದಿದ್ದನ್ನು ಕಂಡವರಿಗೆ ತಿದ್ದಲಾಗದ ಪುಸ್ತಕವೆಂದರೆ ಆಸೆ ಹುಟ್ಟುವುದು ಸಹಜ.

ಆದರೆ ಪುಸ್ತಕ ಸರಿಯಿದ್ದ ಮಾತ್ರಕ್ಕೆ ಕೂಲಿ ಸರಿಯಾಗುವುದಿಲ್ಲ. 2021ರ ನವೆಂಬರಿನಲ್ಲಿ ಒಂದು ಬಿಟ್‌ಕಾಯಿನ್ನಿನ ಬೆಲೆ 68 ಸಾವಿರ ಡಾಲರು ದಾಟಿತ್ತು. ಮರುವರ್ಷ ಅದೇ ತಿಂಗಳು 16 ಸಾವಿರಕ್ಕಿಂತ ಕೆಳಗಿಳಿಯಿತು. ನಾಲ್ಕು ಸೇರು ಅಕ್ಕಿಯ ಕೂಲಿಯನ್ನು ಕೂಡಿಟ್ಟ ಮನೆಯಲ್ಲಿ ಒಂದು ಸೇರಿನಷ್ಟು ಉಳಿಯಿತು ಎಂದು ಲೆಕ್ಕ ಹಾಕಿ. “ಆಮೇಲೆ ಏರಿತಲ್ಲ?” ಎಂದು ಗುತ್ತಿಗೆದಾರ ಹೇಳುತ್ತಾನೆ. ಹೌದು, 2024ರ ಡಿಸೆಂಬರಿನಲ್ಲಿ ಒಂದು ಲಕ್ಷ ಡಾಲರು ದಾಟಿತು. ಏರಲಿ; ಅಕ್ಕಿ ತೀರಿದ ಮನೆ ಎರಡು ವರ್ಷ ಕಾಯುತ್ತದೆಯೇ? ಇನ್ನೊಂದು ಮಾತು. ನಮ್ಮ ಜನ ಮುಂಗಡ ಪಡೆದು ಬದುಕುವವರು. 2022ರ ಕೊನೆಯಲ್ಲಿ ಯಾರಾದರೂ ಮುಂಗಡವನ್ನು ಕಾಯಿನ್ನಿನಲ್ಲಿ ಪಡೆದು ಕಾಯಿನ್ನಿನಲ್ಲೇ ತೀರಿಸುವ ಕರಾರು ಮಾಡಿದ್ದರೆ, ಎರಡು ವರ್ಷದಲ್ಲಿ ಆ ಸಾಲ ಬಡ್ಡಿಯಿಲ್ಲದೆಯೇ ಆರು ಪಟ್ಟಾಗುತ್ತಿತ್ತು. ಇಳಿದರೆ ಕೂಲಿ ಹೋಯಿತು, ಏರಿದರೆ ಸಾಲ ಬೆಳೆಯಿತು. ಬೆಲೆ ಅಲುಗದಂತೆ ಡಾಲರಿಗೆ ಕಟ್ಟಿದ ಕಾಯಿನ್‌ಗಳೂ ಉಂಟು. ಅವುಗಳಲ್ಲೊಂದಾದ ಟೆರಾಯುಎಸ್‌ಡಿ 2022ರ ಮೇ ತಿಂಗಳಲ್ಲಿ ಕೆಲವೇ ದಿನಗಳಲ್ಲಿ ಕುಸಿದುಬಿತ್ತು.

ಕಳಿಸುವ ಖರ್ಚೂ ಒಂದೇ ತೆರನಲ್ಲ. ಒಂದು ರವಾನೆ ಪುಸ್ತಕಕ್ಕೆ ಏರಲು ಸುಮಾರು ಹತ್ತು ನಿಮಿಷ ಬೇಕು, ದಟ್ಟಣೆಯಿದ್ದರೆ ಇನ್ನೂ ಹೆಚ್ಚು. ಬೇಗ ಬೇಕಾದವನು ಹೆಚ್ಚು ಶುಲ್ಕ ತೆರಬೇಕು. 2024ರ ಏಪ್ರಿಲ್ 20ರಂದು ನೂಕುನುಗ್ಗಲಾಗಿ, ಒಂದು ರವಾನೆಯ ಸರಾಸರಿ ಶುಲ್ಕ ನೂರು ಡಾಲರು, ಅಂದರೆ ಎಂಟು ಸಾವಿರ ರೂಪಾಯಿ ಮೀರಿತ್ತು. ಸಾಮಾನ್ಯ ದಿನಗಳಲ್ಲಿ ಇಷ್ಟಿಲ್ಲ. ಆದರೆ ತಾಯಿಗೆ ಔಷಧಿಯ ಹಣ ಕಳಿಸುವವನು ದಿನ ನೋಡಿ ಕಳಿಸಲಾದೀತೇ?

ಇಡೀ ಒಂದು ದೇಶ ಇದನ್ನು ಮಾಡಿ ನೋಡಿದೆ. ಬಲಿಪೂಜೆ ಅರ್ಪಿಸುತ್ತಿದ್ದಾಗಲೇ 1980ರ ಮಾರ್ಚ್ 24ರಂದು ಗುಂಡಿಗೆ ಬಲಿಯಾಗಿ, 2018ರಲ್ಲಿ ಸಂತರ ಸಾಲಿಗೆ ಸೇರಿದ ಮಹಾಧರ್ಮಾಧ್ಯಕ್ಷ ಆಸ್ಕರ್ ರೊಮೆರೊ ಅವರ ನಾಡಾದ ಎಲ್ ಸಾಲ್ವಡೋರ್. ಅದೂ ನಮ್ಮಂತೆ ಕಾಫಿ ತೋಟಗಳ ನಾಡು. ಅಮೆರಿಕಕ್ಕೆ ದುಡಿಯಲು ಹೋದ ಮಕ್ಕಳು ಕಳಿಸುವ ಹಣದಿಂದ ಅಲ್ಲಿ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಅಲ್ಲಿ ದಿನಬಳಕೆಯ ಹಣ ಅಮೆರಿಕದ ಡಾಲರು. 2021ರ ಸೆಪ್ಟೆಂಬರ್ 7ರಿಂದ ಬಿಟ್‌ಕಾಯಿನ್ನೂ ಕಾನೂನಿನ ಹಣವೆಂದು ಸರಕಾರ ಸಾರಿತು. ಮಕ್ಕಳು ಕಳಿಸುವ ಹಣ ಕಡಿಮೆ ಖರ್ಚಿನಲ್ಲಿ ಬರುತ್ತದೆ ಎಂಬುದೇ ದೊಡ್ಡ ಆಶ್ವಾಸನೆ. ಸರಕಾರದ ಆ್ಯಪ್ ಇಳಿಸಿಕೊಂಡವರಿಗೆ 30 ಡಾಲರಿನ ಬಿಟ್‌ಕಾಯಿನ್ ಉಚಿತ. ಜನ 30 ಡಾಲರು ತೆಗೆದುಕೊಂಡರು, ಖರ್ಚು ಮಾಡಿದರು. ಬಹುಮಂದಿ ಅಲ್ಲಿಗೇ ನಿಲ್ಲಿಸಿದರು. ಆ ದೇಶದಲ್ಲಿ ಯೇಸುಸಭೆಯ ಗುರುಗಳು ನಡೆಸುವ ವಿಶ್ವವಿದ್ಯಾಲಯದ ಸಮೀಕ್ಷೆಯಲ್ಲಿ, 2023ರಲ್ಲಿ ಬಿಟ್‌ಕಾಯಿನ್ ಬಳಸಲೇ ಇಲ್ಲ ಎಂದವರು ನೂರಕ್ಕೆ 88. ಕೊನೆಗೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲಕ್ಕಾಗಿ 2025ರ ಜನವರಿಯಲ್ಲಿ ಕಾನೂನು ತಿದ್ದಿ, ಅಂಗಡಿಯವನು ಬೇಕಿದ್ದರೆ ತೆಗೆದುಕೊಳ್ಳಲಿ, ಬೇಡವಾದರೆ ಬಿಡಲಿ ಎಂದರು. ಸರಕಾರ, ಕಾನೂನು, ಉಡುಗೊರೆ ಎಲ್ಲ ಸೇರಿಯೂ ಸಂತೆಯಲ್ಲಿ ಓಡಿಸಲಾಗದ ನಾಣ್ಯವನ್ನು ಪರ್ವರಿಯ ಒಬ್ಬ ಉಪಗುತ್ತಿಗೆದಾರ ಓಡಿಸುತ್ತಾನೆಯೇ?

ಲೂಕನ ಶುಭಸಂದೇಶದಲ್ಲಿ ಹತ್ತು ಬೆಳ್ಳಿ ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸಿನ ಸಾಮತಿ ನಿಮಗೆ ಗೊತ್ತು. ಅವಳು ದೀಪ ಹಚ್ಚಿ, ಮನೆ ಗುಡಿಸಿ ಹುಡುಕಿದಳು, ಸಿಕ್ಕಿತು. ಬ್ರಿಟನ್ನಿನ ವೇಲ್ಸ್ ಸೀಮೆಯ ನ್ಯೂಪೋರ್ಟಿನಲ್ಲಿ 2013ರಲ್ಲಿ ಒಬ್ಬರ ಗಣಕಯಂತ್ರದ ಹಳೆಯ ಡಿಸ್ಕು ಕಸದ ಜೊತೆ ಹೋಯಿತು. ಅವರ ಸಾವಿರಾರು ಬಿಟ್‌ಕಾಯಿನ್‌ಗಳ ಗುಪ್ತ ಸಂಖ್ಯೆ ಅದರೊಳಗೆ ಇತ್ತು. ಊರಿನ ಕಸದ ರಾಶಿ ಅಗೆಯಲು ಅನುಮತಿ ಬೇಡಿ ವರ್ಷಗಟ್ಟಲೆ ಅಲೆದರು. 2025ರ ಜನವರಿಯಲ್ಲಿ ನ್ಯಾಯಾಲಯವೂ ಒಪ್ಪಲಿಲ್ಲ. ಸಂಖ್ಯೆ ಕಳೆದರೆ ಹಚ್ಚಲು ದೀಪವೇ ಇಲ್ಲ. ಮೂರು ತಿಂಗಳಿಗೊಮ್ಮೆ ಫೋನು ಒಡೆದುಕೊಳ್ಳುವ ನಮ್ಮ ಹುಡುಗರ ಕೈಯಲ್ಲಿ ಆ ಸಂಖ್ಯೆ ಎಷ್ಟು ದಿನ ಉಳಿದೀತು?

ಕಂಪನಿಯ ಕೈಗೆ ಕೊಟ್ಟಿಡಬಹುದಲ್ಲ ಎನ್ನುವಿರಿ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ವಿನಿಮಯ ಕಂಪನಿಯಿಂದ ಸುಮಾರು 23 ಕೋಟಿ ಡಾಲರು ಬೆಲೆಯ ಕಾಯಿನ್‌ಗಳನ್ನು ಕಳ್ಳರು ದೋಚಿದರು. ಅಲ್ಲಿ ಕಾಯಿನ್ ಇಟ್ಟವರು ಒಂದು ವರ್ಷಕ್ಕೂ ಮೇಲೆ ಕಾಯಬೇಕಾಯಿತು. ಬ್ಯಾಂಕು ಮುಳುಗಿದರೆ 5 ಲಕ್ಷ ರೂಪಾಯಿಯ ತನಕ ಠೇವಣಿಗೆ ವಿಮೆಯುಂಟು. ಕಾಯಿನ್ನಿಗೆ ಅದಿಲ್ಲ.

ಈ ಊರಿನಲ್ಲಿ ಕುಳಿತು ಬರೆಯುವಾಗ ಗೋವೆಯ ಹಳೆಯ ಕಥೆ ನೆನಪಾಗುತ್ತದೆ. ಇಲ್ಲಿಯವರು ಪೋರ್ಚುಗೀಸರ ರೂಪಿಯಾ ಕಂಡರು, 1959ರಿಂದ ಎಸ್ಕುಡೊ ಕಂಡರು, 1961ರ ಡಿಸೆಂಬರಿನ ನಂತರ ನಮ್ಮ ರೂಪಾಯಿ ಕಂಡರು. ಆ ಡಿಸೆಂಬರಿನಲ್ಲಿ ಪೋರ್ಚುಗೀಸ್ ಬ್ಯಾಂಕಿನಲ್ಲಿ ಜನ ಒತ್ತೆ ಇಟ್ಟಿದ್ದ ಚಿನ್ನ ಹಡಗೇರಿ ಲಿಸ್ಬನ್ನಿಗೆ ಹೋಯಿತು. ಮೂವತ್ತು ವರ್ಷಗಳ ಮೇಲೆ, 1991ರಲ್ಲಿ, ಮರಳಿತು. ಮೂವತ್ತು ವರ್ಷ ದೊಡ್ಡ ಅನ್ಯಾಯವೇ. ಆದರೂ ಕೇಳಲು ಒಂದು ಬ್ಯಾಂಕಿತ್ತು, ಎರಡು ಸರಕಾರಗಳಿದ್ದವು, ಅರ್ಜಿಗೆ ವಿಳಾಸವಿತ್ತು.

ಈಗ ಮುಖ್ಯ ವಿಚಾರಕ್ಕೆ ಬರೋಣ. 19ನೇ ಶತಮಾನದಲ್ಲಿ ಸಿಲೋನಿನ ಕಾಫಿ ತೋಟಗಳಲ್ಲಿ ತೋಟದ ಹೆಸರು ಅಚ್ಚೊತ್ತಿದ ಲೋಹದ ಬಿಲ್ಲೆಗಳನ್ನು ಆಳುಗಳ ಕೈಗೆ ಕೊಡುತ್ತಿದ್ದರು. ತೋಟದ ಗಡಿ ದಾಟಿದರೆ ಅದು ಬರೀ ತಗಡು. ಇಂಥ ಬಿಲ್ಲೆ-ಚೀಟಿಗಳ ವಿರುದ್ಧವೇ ಇಂಗ್ಲೆಂಡಿನಲ್ಲಿ 1831ರಲ್ಲಿ, ನಮ್ಮಲ್ಲಿ 1936ರ ವೇತನ ಪಾವತಿ ಕಾಯಿದೆಯಲ್ಲಿ, ಕೂಲಿಯನ್ನು ದೇಶದಲ್ಲಿ ಚಲಾವಣೆಯಲ್ಲಿರುವ ಹಣದಲ್ಲೇ ಕೊಡಬೇಕೆಂದು ಬರೆದರು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಚಲಾವಣೆಯ ನಾಣ್ಯ, ನೋಟು, ಚೆಕ್ಕು, ಬ್ಯಾಂಕ್ ಖಾತೆ, ಇಲ್ಲವೇ ವಿದ್ಯುನ್ಮಾನ ಮಾರ್ಗ ಎಂದಿದೆ. ವಿದ್ಯುನ್ಮಾನ ಎಂಬ ಮಾತನ್ನು ಹಿಡಿದು ಕೆಲವರು ವಾದ ಹೂಡಬಹುದು. ಅದು ಹಣ ಕಳಿಸುವ ದಾರಿಯ ಹೆಸರು, ಹಣದ ಹೆಸರಲ್ಲ ಎಂಬುದು ನಮ್ಮ ನಿಲುವು. ಕ್ರಿಪ್ಟೊ ಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧವಲ್ಲ. ರಿಸರ್ವ್ ಬ್ಯಾಂಕಿನ 2018ರ ನಿರ್ಬಂಧವನ್ನು ಸುಪ್ರೀಂ ಕೋರ್ಟು 2020ರ ಮಾರ್ಚ್ 4ರಂದು ತೆಗೆದುಹಾಕಿತು. 2022ರಿಂದ ಲಾಭಕ್ಕೆ ನೂರಕ್ಕೆ 30 ತೆರಿಗೆಯೂ ಇದೆ. ಆದರೆ ಅದು ಚಲಾವಣೆಯ ಹಣವಲ್ಲ. ದುಡ್ಡು ಹೆಚ್ಚಾಗಿದ್ದವನು ಜೂಜಿನಂತೆ ಕೊಳ್ಳಲಿ, ಅದು ಅವನ ಪಾಡು. ದ್ರಾಕ್ಷಿತೋಟದ ಯಜಮಾನ ದಿನಕ್ಕೆ ಒಂದು ದಿನಾರಿ ಎಂದು ಬೆಳಗ್ಗೆಯೇ ಮಾತಾಡಿಕೊಂಡ. ಸಂಜೆ ಕೊಟ್ಟಾಗ ಗೊಣಗಿದವರಿದ್ದರು ನಿಜ, ಆದರೆ ದಿನಾರಿಗೆ ಸಂಜೆಯ ಬೆಲೆ ಎಷ್ಟೆಂದು ಯಾರೂ ಕೇಳಬೇಕಾಗಿರಲಿಲ್ಲ.

ನಮ್ಮ ತಪ್ಪನ್ನೂ ಹೇಳಬೇಕು. ಈ ಹುಡುಗರು ಆಸೆಬುರುಕರೆಂದು ನಾವು ಬೈಯುತ್ತೇವೆ. ಅದೇ ಹುಡುಗ ಖಾತೆ ತೆರೆಯಲು ಹೋದಾಗ ವಿಳಾಸದ ಪುರಾವೆಯಿಲ್ಲವೆಂದು ಎರಡು ಸಲ ವಾಪಸು ಬಂದ. ಆಗ ನಾವು ಜೊತೆಗೆ ಹೋಗಲಿಲ್ಲ. ನೋಂದಣಿಯ ಹಬ್ಬದ ತಯಾರಿಯಲ್ಲಿದ್ದೆವು. ಬಾಗಿಲು ಮುಚ್ಚಿದಲ್ಲಿ ಕಿಟಕಿಯಿಂದ ಕರೆದವನು ಗುತ್ತಿಗೆದಾರ. ಕಳೆದ ವರ್ಷ ಇದೇ ಪ್ರಾರ್ಥನೆ ಕೂಟದ ಇನ್ನೊಬ್ಬ ಯುವಕ ಅಕ್ಕನ ಮದುವೆಗೆಂದು ಕೂಡಿಟ್ಟ 18 ಸಾವಿರ ರೂಪಾಯಿಯನ್ನು ಫೋನಿನ ಯಾವುದೋ ಕಾಯಿನ್ ಗುಂಪಿಗೆ ಹಾಕಿದ್ದ. ಒಂದು ಬೆಳಗ್ಗೆ ಆ ಗುಂಪೇ ಇರಲಿಲ್ಲ. ನಾಚಿಕೆಯಿಂದ ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ, ಪ್ರಾರ್ಥನೆಗೂ ಬರಲಿಲ್ಲ.

ತೋಟದಲ್ಲಿರುವ ತಾಯಂದಿರೇ, ಮಗ ಫೋನು ಮಾಡಿದಾಗ ಊಟವಾಯಿತೇ ಎಂದು ಕೇಳಿದ ಮೇಲೆ ಬಟವಾಡೆ ಯಾವುದರಲ್ಲಿ ಬಂತು ಎಂದೂ ಒಂದು ಮಾತು ಕೇಳಿ. ಇಲ್ಲಿ ನಾವು ಆ ಹುಡುಗನ ಜೊತೆ ಮೊನ್ನೆ ಬ್ಯಾಂಕಿಗೆ ಹೋಗಿ ಬಂದೆವು; ಖಾತೆ ಆಯಿತು. ಕೂಲಿ ಪೂರ್ತಿ ಅದಕ್ಕೇ ಹಾಕಬೇಕೆಂದು ಬರೆದ ಪತ್ರಕ್ಕೆ ಅವನೊಂದಿಗೆ ಕೆಲಸ ಮಾಡುವ ಹನ್ನೊಂದು ಮಂದಿ ಸಹಿ ಹಾಕಿದ್ದಾರೆ. ಶನಿವಾರ ಅದನ್ನು ಗುತ್ತಿಗೆದಾರನಿಗೆ ಕೊಡಲು ನಾವೂ ಹೋಗುತ್ತೇವೆ.